ಕಸ್ತೂರೆಮ್ಮನ ಸದ್ದಿಲ್ಲದ ಗೆಜ್ಜೆ

ಮಸ್ಕಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಅಕ್ಕಸಾಲಿ ಪತ್ತಾರ ಮನೆತನದ ಕಸ್ತೂರೆಮ್ಮ ಆಗಲೇ ಒಂದು ಜೊತೆ ಬೆಳ್ಳಿಯ ಕಾಲುಗೆಜ್ಜೆ ಹಿಡಿದು ಕೂತಿದ್ದಾಳೆ. ಚಿಮಟದ ತುದಿಯಿಂದ ಗೆಜ್ಜೆಯ ಬಾಯಿ ಅಗಲಿಸಿ, ಒಳಗಿನ ಕಬ್ಬಿಣದ ಕಾಳನ್ನು ಹೊರಗೆ ಉರುಳಿಸುತ್ತಾಳೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಸದ್ದಿಲ್ಲ. "ಈಗ ಆತು ನೋಡ್ರಿ ಒಡವಿ" ಎನ್ನುತ್ತಾಳೆ. ಗಂಡ ಮೌನೇಶಪ್ಪ ಕುಲುಮೆ ಊದುತ್ತಿದ್ದಾನೆ. ಅವನ ಕೈ ನಡುಗಲು ಶುರುವಾದ ಮೇಲೆ ಸುತ್ತಿಗೆ ಇವಳ ಕೈಗೆ ಬಂತು, ಊದುಗೊಳವೆ ಅವನ ಬಾಯಿಗೆ ಹೋಯಿತು. ಊರು ನಾಲ್ಕು ದಿನ ನಕ್ಕು ಸುಮ್ಮನಾಯಿತು.

ಸೊಸೆಯ ಕಾಲಿಗೆ ಗೆಜ್ಜೆ ಹಾಕುವುದು ಚೆಂದಕ್ಕೆಂದು ಎಲ್ಲರೂ ಹೇಳುತ್ತಾರೆ. ಕಸ್ತೂರೆಮ್ಮ ಒಪ್ಪುವುದಿಲ್ಲ. "ನಮ್ಮತ್ತಿ ಪಡಸಾಲ್ಯಾಗ ಕುಂತಽ, ನಾ ಬೆಲ್ಲದ ಗಡಿಗಿಗೆ ಕೈ ಹಾಕಿದ್ದು ಹೇಳ್ತಿದ್ಳ್ರೀ. ಅಳಾಕ ಹಿತ್ತಲಕ ಹೋದ್ರೂ ಗೊತ್ತಾಗ್ತಿತ್ತು. ಒಂದಿನ ಗೆಜ್ಜ್ಯಾಗ ಅರಗು ತುಂಬಿದೆ. ಅವತ್ತು ಹೊಟ್ಟಿತುಂಬ ಬೆಲ್ಲ ತಿಂದೆ, ಮನಸುತುಂಬ ಅತ್ತೆ." ಕೇಳಿದವರಿಗೆ ನಗು ಬರುತ್ತದೆ, ಕರುಳೂ ಚುರ್ ಎನ್ನುತ್ತದೆ.

ಗೆಜ್ಜೆಯ ಸದ್ದಡಗಿಸುವ ಆ ಉಪಾಯವೇ ಈಗ ಅವಳ ಕಸುಬು. ಸಂತೆಕಲ್ಲೂರು, ಗುರುಗುಂಟಾದ ಸೊಸೆಯಂದಿರೂ ಗೆಜ್ಜೆ ಸವೆದಿದೆ ಎಂಬ ನೆಪ ಮಾಡಿಕೊಂಡು ಬರುತ್ತಾರೆ.

ಹೋದ ತಿಂಗಳು ಊರಗೌಡ ಮಾಲಿಪಾಟೀಲ ಅಮರಗುಂಡಪ್ಪ ಸಿಡಿಮಿಡಿಗೊಂಡು ಬಂದ. "ಮನ್ಯಾಗ ಸೊಸಿ ಎಲ್ಲದಾಳ ಅಂತ ತಿಳಿವಲ್ದು. ಎಲ್ಲಾ ಗೆಜ್ಜಿಗೂ ಕಾಳು ತುಂಬು, ಇಲ್ಲಾಂದ್ರ ಕುಲುಮಿ ಆರಿಸು. ಇದು ಹುಕುಂ." ಕುಲುಮೆ ಆರಿದರೆ ಒಲೆಯೂ ಆರಿದಂತೆ. ಕಸ್ತೂರೆಮ್ಮ ಬೆದರಿದಳು, ನಿಜ. ಆದರೆ ಹುಕುಂ ಪಾಲಿಸುವಾಗ ಕೈ ಬಿಗಿ ಮಾಡಲಿಲ್ಲ. ಒಂದು ಕಾಳಿದ್ದಲ್ಲಿ ಮೂರು ತುಂಬಿದಳು.

ಮರುದಿನ ಕೋಳಿ ಕೂಗುವ ಮೊದಲೇ ಊರ ಸೊಸೆಯಂದಿರೆಲ್ಲ ಪಾಟೀಲರ ಮನೆ ಮುಂದಿನಿಂದಲೇ ಬಾವಿಗೆ ಹೊರಟರು. ಒಬ್ಬಳು ಹಗ್ಗ ಮರೆತಳೆಂದು ಎಲ್ಲರೂ ತಿರುಗಿ ಬಂದರು. ಆಮೇಲೆ ಇನ್ನೊಬ್ಬಳು ಸಿಂಬಿ ಮರೆತಳು. ವಾರವಿಡೀ ಇದೇ ನಡೆಯಿತು. ಕೊನೆಗೆ ಕೆಂಗಣ್ಣಿನ ಪಾಟೀಲ ತಾನೇ ಕುಲುಮೆಗೆ ಬಂದ.

"ಕಾಳು ತಗಿಯವ್ವಾ."

"ಹುಕುಂ ನಿಮ್ದಽ ಅಲ್ರೀ ಗೌಡ್ರ?"

"ವಾಪಸ್ ತಗೊಂಡೀನಿ. ನಿದ್ದಿ ಇಲ್ದ ಸಾಯಾಕತ್ತೀನಿ."

ಅಂದಿನಿಂದ ಕಸ್ತೂರೆಮ್ಮನಿಗೆ ಬಿಡುವಿಲ್ಲ. ಇವತ್ತಿನ ಜೊತೆ ಯಾವ ಸೊಸೆಯದೂ ಅಲ್ಲ, ಪಾಟೀಲನ ಹೆಂಡತಿ ಕಲ್ಯಾಣಮ್ಮನದು. ಅತ್ತೆಯಾಗಿ ಎಷ್ಟೋ ವರ್ಷವಾದ ಆಕೆ ಸೆರಗು ಮುಸುಕಿಕೊಂಡು ಬಂದು, "ನನ್ನವೂ ತಗಿ" ಎಂದು ಕೊಟ್ಟು ಹೋಗಿದ್ದಾಳೆ.

ಇನ್ನೇನು ಆಸೆ ಎಂದು ಕೇಳಿದರೆ, ಕಸ್ತೂರೆಮ್ಮ ಉದುರಿದ ಕಾಳುಗಳನ್ನು ಒಂದೂ ಬಿಡದೆ ಆರಿಸಿ ಡಬ್ಬಿಗೆ ಹಾಕುತ್ತಾಳೆ. "ಗಂಡಸ್ರ ಕಾಲಿಗೂ ಒಂದೊಂದು ಜೊತಿ ಮಾಡಬೇಕ್ರೀ. ಸಂಜಿಮುಂದ ಎಲ್ಲಿ ಹೊಕ್ಕಾರ ಅಂತ ನಮಗೂ ಕೇಳ್ಲಿ. ಅದಕಽ ಕೂಡಿಡಾಕತ್ತೀನಿ."

ಮೌನೇಶಪ್ಪ ಊದುವುದನ್ನು ನಿಲ್ಲಿಸಿ, ಮೆಲ್ಲಗೆ ಕಾಲು ಮಡಚಿ ಧೋತರದೊಳಗೆ ಎಳೆದುಕೊಳ್ಳುತ್ತಾನೆ.