ಇಪ್ಪತ್ತೇಳು ಲೀಟರಿನ ಹಲಗೆ

"ನಿಮ್ಮ ಮಗಳ ತೂಕ ಎಷ್ಟು ಮೇಡಂ?"

ಪರಿಚಯವೇ ಇಲ್ಲದ ಗಂಡಸೊಬ್ಬರು ಕಡಲ ದಡದಲ್ಲಿ, ನಾಲ್ಕು ಜನರ ಎದುರು ಹೀಗೆ ಕೇಳಿದರೆ ನೀವೇನು ಮಾಡುತ್ತೀರಿ? ಕಳೆದ ಭಾನುವಾರ ನನಗಂತೂ ಮೈಯೆಲ್ಲ ಉರಿದುಹೋಯಿತು. ಹದಿನಾರು ವರ್ಷದ ಹುಡುಗಿ ಪಕ್ಕದಲ್ಲೇ ಒದ್ದೆ ಬಟ್ಟೆಯಲ್ಲಿ ಕುಳಿತಿದ್ದಾಳೆ. ಆದರೂ ಉತ್ತರ ಕೊಟ್ಟೆ. ಐವತ್ತೆರಡು ಎಂದೆ.

"ಐವತ್ತೆಂಟು" ಎಂದಳು ಮಗಳು, ಮರಳು ನೋಡುತ್ತಾ.

ನೋಡಿ, ಅಲ್ಲೂ ಆರು ಕಿಲೋ ಕಡಿಮೆ ಹೇಳಿದ್ದೆ. ಹೆಣ್ಣುಮಕ್ಕಳ ತೂಕವನ್ನು ಸ್ವಲ್ಪ ಕತ್ತರಿಸಿಯೇ ಹೇಳಬೇಕೆಂದು ನಮಗೆ ಯಾರು ಕಲಿಸಿದರೋ, ಗೊತ್ತಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಮ್ಮದು ಅಮ್ಮತ್ತಿ ಪಕ್ಕದ ಊರು. ಕಡಲಿಗೂ ನಮಗೂ ಸಂಬಂಧ ಅಂದರೆ ಮೀನಿನ ಗಾಡಿ, ಅಷ್ಟೇ. ನಮ್ಮ ಮನೆಯವರು ಕಾಫಿ ಎಸ್ಟೇಟಿನಲ್ಲಿ ರೈಟರ್. (ನಮ್ಮ ಕಡೆ ರೈಟರ್ ಅಂದರೆ ಆಳುಗಳ ಹಾಜರಿ ಬರೆಯುವವರು. ವಾರ ವಾರ ಪೇಪರಿಗೆ ಬರೆಯುವ ನನಗೆ ಯಾವ ಹೆಸರೂ ಇಲ್ಲ.) ನಾನು ಕಾಲೇಜಿನಲ್ಲಿ ಹಾಕಿ ಆಡಿದವಳು. ಅದನ್ನು ಈ ಅಂಕಣದಲ್ಲಿ ಎಷ್ಟು ಸಲ ಕೊಚ್ಚಿಕೊಂಡಿದ್ದೇನೆಂದು ನಿಮಗೇ ಗೊತ್ತು.

ನಮ್ಮಲ್ಲಿ ಮಗು ನೆಟ್ಟಗೆ ನಡೆಯಲು ಕಲಿಯುವ ಹೊತ್ತಿಗೆ ಕೈಗೆ ಸ್ಟಿಕ್ ಬಂದಿರುತ್ತದೆ. ಮಗಳು ದೀಕ್ಷಾಗೂ ಬಂತು. ಏಳು ವರ್ಷ ಅವಳನ್ನು ಗ್ರೌಂಡಿಗೆ ಎಳೆದುಕೊಂಡು ಹೋದೆ. ಹದಿಮೂರಕ್ಕೆ ಒಂದು ದಿನ ಶೂ ಕಟ್ಟಿಕೊಳ್ಳದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ನಾನು ಬೈದೆ, ಬೇಡಿಕೊಂಡೆ, ಎರಡು ದಿನ ಮಾತು ಬಿಟ್ಟೆ. ಅವಳು ಶೂ ಕಟ್ಟಲಿಲ್ಲ. ಆಮೇಲೆ ನಮ್ಮಿಬ್ಬರ ನಡುವೆ ಮಾತೇ ಕಡಿಮೆಯಾಯಿತು.

ಕಳೆದ ವರ್ಷ ಸ್ಕೂಲಿನವರು ಮಕ್ಕಳನ್ನು ಮೂರು ದಿನ ಕಡಲ ತೀರಕ್ಕೆ ಕರೆದುಕೊಂಡು ಹೋಗಿ ಸರ್ಫಿಂಗ್ ಕಲಿಸಿದರು. ದೀಕ್ಷಾ ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿಸಿಕೊಂಡು ವಾಪಸ್ ಬಂದಳು. ಬ್ಯಾಗ್ ಕೆಳಗಿಡದೆ ನೇರ ಅಡುಗೆಮನೆಗೆ ಬಂದು "ಅಮ್ಮ, ನಾನು ನಿಂತೆ" ಎಂದಳು. ನೀಲಿ ಬಣ್ಣದ ದೊಡ್ಡ ಮೆತ್ತನೆ ಬೋರ್ಡಂತೆ. ಮೂರನೇ ದಿನ ಅದರ ಮೇಲೆ ದಡ ಬರುವವರೆಗೂ ನಿಂತೇ ಇದ್ದಳಂತೆ. ಹೇಳುತ್ತಾ ಹೇಳುತ್ತಾ ಅಡುಗೆಮನೆಯ ನಡುವೆ ಕೈ ಚಾಚಿ ನಿಂತು ತೋರಿಸಿದಳು. ಕಾವಲಿಯಲ್ಲಿದ್ದ ರೊಟ್ಟಿ ಸೀದುಹೋಯಿತು. ಎರಡು ವರ್ಷದಲ್ಲಿ ಅವಳು ತಾನಾಗಿಯೇ ನನ್ನ ಬಳಿ ತಂದ ಮೊದಲ ಸಂತೋಷ ಅದು.

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ.

ಅವಳಿಗೆ ಸ್ವಂತ ಬೋರ್ಡ್ ಕೊಡಿಸುವುದೆಂದು ತೀರ್ಮಾನಿಸಿದೆ. ಆರಿಸುವುದು ಹೇಗೆ? ಅದೇನು ಬ್ರಹ್ಮವಿದ್ಯೆಯೇ? ಹಾಕಿ ಸ್ಟಿಕ್ಕನ್ನು ಕಾಲಿನ ಪಕ್ಕ ನಿಲ್ಲಿಸಿ ಸೊಂಟಕ್ಕೆ ಬರುತ್ತದಾ ಎಂದು ನೋಡುತ್ತೇವೆ. ಕೈಯಲ್ಲಿ ಬೀಸಿ ಹಗುರವಾಗಿದೆಯಾ ಎಂದು ನೋಡುತ್ತೇವೆ. ಮುಗಿಯಿತು. ನನ್ನ ಜನ್ಮದಲ್ಲಿ ನನಗೆ ಗೊತ್ತಿದ್ದ ಅಳತೆ ಅದೊಂದೇ.

ಮೈಸೂರಿನಲ್ಲಿ ಒಬ್ಬರು ಹಳೆಯ ಬೋರ್ಡ್ ಮಾರುತ್ತಿರುವುದನ್ನು ಫೋನಿನಲ್ಲಿ ನೋಡಿ ಹೋದೆ. ಸರ್‌ಪ್ರೈಸ್ ಇರಲಿ ಎಂದು ಮಗಳನ್ನು ಕರೆದುಕೊಂಡೇ ಹೋಗಲಿಲ್ಲ. ಆರಡಿ ಉದ್ದದ, ತೆಳ್ಳಗಿನ, ಚೂಪು ಮೂತಿಯ ಬಿಳಿ ಬೋರ್ಡ್. ದೊಡ್ಡ ದೊಡ್ಡ ಸರ್ಫರುಗಳ ವಿಡಿಯೋದಲ್ಲಿ ಇರುವಂಥದ್ದೇ. ಗೋಡೆಗೆ ಒರಗಿಸಿ ಪಕ್ಕದಲ್ಲಿ ನಾನೇ ನಿಂತೆ. (ದೀಕ್ಷಾ ಈಗ ನನ್ನಷ್ಟೇ ಎತ್ತರ.) ತಲೆಯಿಂದ ಒಂದು ಗೇಣು ಮೇಲೆ ಬಂತು. ಎತ್ತಿ ನೋಡಿದೆ, ಹಗುರ. ಅಡಿಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಇಪ್ಪತ್ತೇಳು ಲೀಟರ್ ಎಂದು ಬರೆದಿತ್ತು. ಲೀಟರ್ ಅಂದರೆ ನಮಗೆ ಹಾಲು, ಡೀಸೆಲ್. ಹಲಗೆಗೆ ಎಂಥ ಲೀಟರ್? ಫ್ಯಾಕ್ಟರಿಯವರ ಏನೋ ಗುರುತಿರಬೇಕು ಎಂದುಕೊಂಡೆ.

ಮಾರುವವರು ಸಂಭಾವಿತರು. ಯಾರಿಗೆ, ಎಷ್ಟು ವರ್ಷದಿಂದ ಸರ್ಫ್ ಮಾಡುತ್ತಾರೆ ಎಂದು ವಿಚಾರಿಸಿದರು. ಮಗಳಿಗೆ, ಅವಳು ಆಗಲೇ ಚೆನ್ನಾಗಿ ನಿಲ್ಲುತ್ತಾಳೆ ಎಂದೆ. ಅವಳು ಕಲಿತದ್ದು ಮೂರೇ ದಿನ ಎನ್ನುವುದನ್ನು ನುಂಗಿಕೊಂಡೆ.

ಮನೆಯವರೂ ನಾನೂ ಅದಕ್ಕೆ ಕಂಬಳಿ ಸುತ್ತಿ ಜೀಪಿನ ಮೇಲೆ ಕಟ್ಟಿ ತಂದೆವು. ಅಮ್ಮತ್ತಿ ಪೇಟೆಯಲ್ಲಿ ಒಬ್ಬರು ಅದು ಇಸ್ತ್ರಿ ಮಾಡುವ ಟೇಬಲ್ಲಾ ಎಂದು ಕೇಳಿದರು. ಮನೆಗೆ ಬಂದು ಅದನ್ನು ಹೇಳಿದಾಗ ಮಗಳು ನಕ್ಕಳು. ಬೋರ್ಡನ್ನು ಸವರಿ ನೋಡಿದಳು, ಥ್ಯಾಂಕ್ಸ್ ಅಮ್ಮ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ಇದು ಸಣ್ಣದಲ್ವಾ ಎಂದಳು. ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡು ಏನು ಮಾಡಿದೆ? ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.

ತೋಟದಲ್ಲಿ ಕಾಫಿ ಪಿಕಿಂಗ್ ಮುಗಿದ ಮೇಲೆ ಭಾನುವಾರಗಳು ಬಿಡುವಾದವು. ಬೆಳಗಿನ ಜಾವ ಹೊರಟು, ಸಂಪಾಜೆ ಘಾಟಿ ಇಳಿದು, ಕಡಲು ಮುಟ್ಟುವಾಗ ಒಂಬತ್ತು ಗಂಟೆ. ಇವರು ನೆರಳು ಹುಡುಕಿ ಮಲಗುತ್ತಿದ್ದರು. ಅವಳು ನೀರಿಗೆ ಇಳಿಯುತ್ತಿದ್ದಳು. ನಾನು ದಡದಲ್ಲಿ ನಿಂತು ಕೂಗುತ್ತಿದ್ದೆ. ಮೊಣಕಾಲು ಬಗ್ಗಿಸು, ತಲೆ ಎತ್ತು, ಇನ್ನೊಂದು ಸಲ. ಅವಳು ಎದೆ ಊರಿದರೆ ಹಲಗೆ ನೀರೊಳಗೆ ಇಳಿಯುತ್ತಿತ್ತು. ಅಂಗೈ ಊರಿ ಏಳಲು ಹೋದರೆ ಪಕ್ಕಕ್ಕೆ ಮಗುಚುತ್ತಿತ್ತು. ಎಷ್ಟು ಸಲ ಬಿದ್ದಳೆಂದು ಎಣಿಸುವುದನ್ನು ನಾನು ಮೊದಲ ದಿನವೇ ಬಿಟ್ಟೆ.

ಎರಡನೇ ಭಾನುವಾರ ಅವಳು ದಡಕ್ಕೆ ಬಂದು ಬಾಡಿಗೆ ಬೋರ್ಡುಗಳ ಕಡೆ ನೋಡಿದಳು. ಅಲ್ಲೊಂದು ನೀಲಿ ಬೋರ್ಡ್ ಇತ್ತು.

"ಅಮ್ಮ, ಇವತ್ತೊಂದಿನ ಅದನ್ನ ತಗೊಳ್ಳಾ?"

"ಅದು ಕಲಿಯೋರದ್ದು. ನಿಂಗೆ ಬರ್ತದಲ್ಲ" ಎಂದೆ.

ಈ ಮಾತನ್ನು ನಾನು ಪ್ರೀತಿಯಿಂದಲೇ ಆಡಿದ್ದು.

ಹೀಗೆ ನಾಲ್ಕು ಸಲ ಆಯಿತು. ಐದನೆಯದು ಕಳೆದ ಭಾನುವಾರ. ಇಪ್ಪತ್ತೇ ನಿಮಿಷಕ್ಕೆ ಅವಳು ನೀರಿನಿಂದ ಮೇಲೆ ಬಂದು, ಬೋರ್ಡನ್ನು ಕೆಳಗಿಟ್ಟು, ಅದಕ್ಕೆ ಬೆನ್ನು ಹಾಕಿ ಕುಳಿತಳು. ಆಗ ಬಂದವರು ತೂಕ ಕೇಳಿದ ಈ ಮಹಾಶಯರು. ಬಾಡಿಗೆ ಬೋರ್ಡುಗಳನ್ನು ಇಟ್ಟುಕೊಂಡು ಸರ್ಫಿಂಗ್ ಕಲಿಸುವವರು, ನಲವತ್ತರ ಆಸುಪಾಸು, ಅಲ್ಲಿಯವರೇ. ನಮ್ಮ ಬೋರ್ಡನ್ನು ತಿರುಗಿಸಿ ಅಡಿಭಾಗ ಓದಿದರು. ಇಪ್ಪತ್ತೇಳು ಎಂದು ತಮಗೇ ಹೇಳಿಕೊಂಡರು.

ಆಮೇಲೆ ನಿಧಾನವಾಗಿ ವಿವರಿಸಿದರು. ಬೋರ್ಡ್ ಆರಿಸುವಾಗ ಎತ್ತರ ನೋಡಿದರೆ ಸಾಲದು. ಲೀಟರ್ ಎಂದರೆ ಅದು ಎಷ್ಟು ತೇಲಿಸುತ್ತದೆ ಎನ್ನುವ ಲೆಕ್ಕ. ನೋಡಬೇಕಾದ್ದು ಆಳಿನ ತೂಕ, ಆಮೇಲೆ ಆಳಿಗೆ ಸರ್ಫಿಂಗ್ ಎಷ್ಟು ಬರುತ್ತದೆ ಎನ್ನುವುದು. ಕಲಿಯುವವರಿಗೆ ಎಂಟು ಅಡಿಗಿಂತ ಕಡಿಮೆ ಇರಬಾರದು, ಅಗಲವೂ ಬೇಕು, ದಪ್ಪವೂ ಬೇಕು. ಇವಳಿಗಾದರೆ ಎಪ್ಪತ್ತು ಲೀಟರ್ ಆದರೂ ಇರಬೇಕಿತ್ತು. ಈ ಬಿಳಿಯದು ಏಳೆಂಟು ವರ್ಷ ನೀರಿನಲ್ಲೇ ಬಿದ್ದವರದ್ದು.

"ಅವಳಿಗೆ ಬ್ಯಾಲೆನ್ಸ್ ಲಾಯ್ಕ ಉಂಟು ಮೇಡಂ. ಅವಳು ಬಿದ್ದದ್ದಲ್ಲ. ಇದು ಅವಳನ್ನು ಹೊತ್ತದ್ದೇ ಇಲ್ಲ."

ಮೊದಲೇ ಯಾಕೆ ಹೇಳಲಿಲ್ಲ ಎಂದು ಜಗಳಕ್ಕೇ ನಿಂತೆ. (ತಪ್ಪು ಮಾಡಿದವರು ಮೊದಲು ಮಾಡುವ ಕೆಲಸ ಅದು.)

"ನೀವು ದಡದಲ್ಲಿ ನಿಂತು ಬೊಬ್ಬೆ ಹೊಡೆಯುದು ನೋಡಿ ಕೋಚ್ ಅಂತ ಗ್ರಹಿಸಿದೆ" ಎಂದರು.

ಅವರು ನೀಲಿ ಬೋರ್ಡ್ ತಂದು ಮಗಳ ಮುಂದಿಟ್ಟರು. ದುಡ್ಡು ಬೇಡ, ಒಂದು ರೌಂಡ್ ಹೋಗಿ ಬಾ ಎಂದರು. ದೀಕ್ಷಾ ಎದ್ದು ನಿಂತು, ಬೇಡ ಅಂಕಲ್, ಥ್ಯಾಂಕ್ಸ್, ನನಗೆ ಬರೋದಿಲ್ಲ ಎಂದಳು. ಬೇಜಾರಿಲ್ಲ, ಸಿಟ್ಟಿಲ್ಲ. ಊರಿನ ಹೆಸರು ಹೇಳುವ ಹಾಗೆ ಹೇಳಿದಳು.

ನಾನು ಅವಳ ಭುಜ ಹಿಡಿದೆ. ತಪ್ಪು ಬೋರ್ಡಿನದ್ದು ಪುಟ್ಟಿ, ನಿನ್ನದಲ್ಲ ಎಂದೆ.

"ಗೊತ್ತು ಅಮ್ಮ. ಎರಡನೇ ಸಲವೇ ಗೊತ್ತಾಗಿತ್ತು."

"ಮತ್ತೆ ಹೇಳಬಾರದಿತ್ತಾ?"

"ಹೇಳಿದ್ದೆ."

ಅಷ್ಟೇ. ಟವೆಲ್ ಹೊದ್ದುಕೊಂಡು ಜೀಪಿನ ಕಡೆ ನಡೆದಳು.

ಈ ವಾರವಿಡೀ ನನಗೆ ಅನ್ನ ಸೇರಿಲ್ಲ. ಇದನ್ನು ಓದಿ ನಿಮ್ಮಲ್ಲಿ ಕೆಲವರು ಫೋನ್ ಮಾಡಿ, ಒಂದು ಹಲಗೆಗೆ ಇಷ್ಟೆಲ್ಲ ಯಾಕೆ ಮೇಡಂ, ಮಾರಿ ದೊಡ್ಡದು ತಗೊಳ್ಳಿ ಅನ್ನುತ್ತೀರಿ. ಸರಿ, ತಗೊಳ್ಳಬಹುದು. ಎಂಟಡಿಯದ್ದು ಸಿಗುತ್ತದೆ, ನೀಲಿಯೂ ಸಿಗುತ್ತದೆ. ಅಡುಗೆಮನೆಯ ನಡುವೆ ಕೈ ಚಾಚಿ ನಿಂತ ಹುಡುಗಿಯನ್ನು ಎಲ್ಲಿಂದ ತರಲಿ? ಬೋರ್ಡಿನ ಪಕ್ಕ ನಿಂತು ಅಳತೆ ಕೊಟ್ಟವಳು ನಾನು. ಬಿದ್ದವಳು ಅವಳು.

ಕಲಿಯುತ್ತಿದ್ದಾಳೆ ಎಂದು ಹೇಳಿಕೊಳ್ಳಲು ನಮಗೆ ಯಾಕಿಷ್ಟು ನಾಚಿಕೆ? ಸಂಗೀತಕ್ಕೆ ಸೇರಿಸಿದ ವರ್ಷವೇ ಸ್ಟೇಜು ಹತ್ತಿಸುತ್ತೇವೆ. ಎಂಟನೇ ಕ್ಲಾಸಿಗೇ ಪಿಯುಸಿಯ ಕೋಚಿಂಗ್ ಕೊಡಿಸುತ್ತೇವೆ. ಮಗು ಮುಳುಗುತ್ತಿದ್ದರೂ, ಮದುವೆ ಮನೆಯಲ್ಲಿ ಸಿಕ್ಕವರ ಮುಂದೆ ನಮ್ಮವಳು ಅಡ್ವಾನ್ಸ್ಡ್ ಲೆವೆಲ್ ಅನ್ನಬೇಕು. ನಾನು ಅಂದಿದ್ದೇನೆ. ಮೂರು ಮದುವೆಗಳಲ್ಲಿ ಅಂದಿದ್ದೇನೆ, ಅವಳು ಪಕ್ಕದಲ್ಲೇ ನಿಂತಿರುವಾಗ.

ಆ ಭಾನುವಾರ ವಾಪಸ್ ಬರುವಾಗ ಸಂಪಾಜೆಯಲ್ಲಿ ಚಾ ಕುಡಿಯಲು ನಿಲ್ಲಿಸಿದೆವು. ಇವರು ಟಯರ್ ನೋಡುವ ನೆಪದಲ್ಲಿ ದೂರ ಹೋದರು. ನಾನು ಮಗಳ ಎದುರು ಕುಳಿತು, ಜೀವನದಲ್ಲಿ ಮೊದಲ ಸಲ ಇರಬೇಕು, ಕೇಳಿದೆ. ಸರ್ಫಿಂಗ್ ಬೇಕಾ, ಬೇರೆ ಏನಾದರೂ ಮಾಡುತ್ತೀಯಾ, ಏನೂ ಬೇಡವಾ? ನೀನು ಯಾವುದು ಹೇಳಿದರೂ ಸರಿ, ನಾನು ನಡುವೆ ಬರುವುದಿಲ್ಲ ಎಂದೆ. ಅವಳು ಚಾ ಮುಗಿಸಿ, ಲೋಟವನ್ನು ಮೇಜಿನ ನಡುವೆ ಇಟ್ಟು, ತುಂಬ ಮರ್ಯಾದೆಯಿಂದ ನನ್ನ ಮುಖ ನೋಡಿದಳು.

"ನೀನು ಹೇಳಿದ ಹಾಗೆ, ಅಮ್ಮ."

ಹದಿನಾರು ವರ್ಷ ನಾನು ಒದ್ದಾಡಿದ್ದು ಅವಳ ಬಾಯಿಂದ ಈ ಮಾತು ಬರಲಿ ಎಂದೇ ಅಲ್ಲವೇ?