ನಕ್ಷತ್ರ ಕಟ್ಟದ ಮನೆ

ನಾನು ಮೊದಲಿನಿಂದಲೂ ಸ್ವಲ್ಪ ಹೆಚ್ಚು ಭಕ್ತ. ಹೆಚ್ಚು ಅಂದರೆ, ಪಕ್ಕದವರ ಭಕ್ತಿ ಕಮ್ಮಿ ಎಂದು ಕಾಣುವಷ್ಟು. ಆ ವರ್ಷ ಕ್ರಿಸ್‌ಮಸ್ಸಿಗೆ ಮುಂಚೆ ಒಂದು ಧ್ಯಾನಕೂಟಕ್ಕೆ ಹೋಗಿ, ಮೂರು ದಿನ ಗಂಜಿ ಕುಡಿದು ಬಂದವನಿಗೆ ತಲೆ ನಿಲ್ಲಲಿಲ್ಲ. ಹಬ್ಬ ಹೃದಯದೊಳಗೆ ಆಗಬೇಕು, ಕಜ್ಜಾಯದ ಬಾಣಲೆಯಲ್ಲಲ್ಲ ಎಂದು ಪಾಂಡವಪುರದ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಅಮ್ಮನಿಗೆ ಸಾರಿದೆ. ಈ ಸಲ ನಕ್ಷತ್ರವಿಲ್ಲ, ಕೊಟ್ಟಿಗೆ-ಬೊಂಬೆಗಳ ಗೋದಲಿಯಿಲ್ಲ, ಕೇಕಿಲ್ಲ. ಬರೀ ಚರ್ಚಿನ ಬಲಿಪೂಜೆ, ಪ್ರಾರ್ಥನೆ, ಮೌನ.

ಅಮ್ಮನಿಗೆ ಎಪ್ಪತ್ತೆಂಟು. ವರ್ಷವಿಡೀ ಆಕೆ ಕಾಯುವುದು ಆ ಒಂದು ನಕ್ಷತ್ರಕ್ಕೆ. ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆ ಅಂತ ಇರುವುದು ನಮ್ಮದೊಂದೇ. ಬಾಗಿಲ ಮೇಲೆ ನಕ್ಷತ್ರ ಹತ್ತಿಕೊಂಡರೆ ಬೀದಿಗೆ ಬೀದಿಯೇ ಒಳಗೆ ಬರುತ್ತದೆ. ಗೋದಲಿಯ ಹಸು ಬಡಕಲಾಯಿತು, ಕುರುಬರಿಗೆ ಕಂಬಳಿ ಇಲ್ಲ ಎಂದು ತಪ್ಪು ಹುಡುಕಿ, ಕಜ್ಜಾಯ ತಿಂದು, ಅಮ್ಮನ ಮಂಡಿನೋವು ವಿಚಾರಿಸಿಕೊಂಡು ಹೋಗುತ್ತಾರೆ. ಆಕೆಗೆ ಮುಂದಿನ ಡಿಸೆಂಬರಿನವರೆಗೂ ಅಷ್ಟು ಸಾಕು.

"ಆಯ್ತು ಬುಡಪ್ಪ," ಅಂದಳು ಅಮ್ಮ. ಬಾಲಯೇಸುವಿನ ಬೊಂಬೆಯನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ ಅಟ್ಟಕ್ಕೆ ಸೇರಿಸಿದಳು. ಆಮೇಲೆ ಜಗುಲಿಯಲ್ಲಿ ಕೂತು ರಸ್ತೆ ನೋಡತೊಡಗಿದಳು. ನನಗೆ ಮರುಕವಾಯಿತು. ಇದೂ ನನ್ನ ಭಕ್ತಿಯನ್ನು ಪರೀಕ್ಷಿಸುವ ಒಂದು ಶೋಧನೆಯೇ ಇರಬೇಕು ಎಂದು ತಳ್ಳಿಹಾಕಿದೆ.

ಹಬ್ಬಕ್ಕೆ ಎರಡು ದಿನ ಇದ್ದಾಗ ವಿಚಿತ್ರಗಳು ಶುರುವಾದವು. ಕಬ್ಬು ಹೇರಿಕೊಂಡು ಹೋಗುವ ಟ್ರಾಕ್ಟರುಗಳು ನಮ್ಮ ಕಡೆ ಹಾಡು ಹಾಕಿಕೊಳ್ಳದೆ ಹೋಗುವುದೇ ಇಲ್ಲ. ಎದುರುಮನೆ ಗೌಡರ ಟ್ರಾಕ್ಟರು ನಮ್ಮ ಬಾಗಿಲ ಹತ್ತಿರ ಹಾಡು ನಿಲ್ಲಿಸಿ, ಮೂಲೆ ತಿರುಗಿದ ಮೇಲೆ ಮತ್ತೆ ಶುರುಮಾಡಿತು. ನನ್ನ ಮೌನ ಬೀದಿಗೂ ಹರಡುತ್ತಿದೆ ಎಂದು ಖುಷಿಪಟ್ಟೆ. ಪ್ರತಿವರ್ಷ ನಕ್ಷತ್ರಕ್ಕೆ ವೈರು ಎಳೆದುಕೊಡುವ ಎಲೆಕ್ಟ್ರಿಷಿಯನ್ ಭಾಯಿ ಏಣಿಯಿಲ್ಲದೆ ಬಂದರು. ನನ್ನ ಎರಡೂ ಕೈ ಹಿಡಿದುಕೊಂಡು, "ಸಬರ್ ಮಾಡಿ ಸಾರ್, ತಾಳ್ಕೊಳ್ಳಿ, ಎಲ್ಲಾ ಅಲ್ಲಾನ ಮರ್ಜಿ," ಅಂದರು. ನನ್ನ ತ್ಯಾಗವನ್ನು ಮೆಚ್ಚಿದರು ಅಂದುಕೊಂಡು ನಾನು ವಿನಯದಿಂದ ತಲೆ ತಗ್ಗಿಸಿದೆ.

ಮಾರನೆಯ ಬೆಳಿಗ್ಗೆ ಗೌಡರೂ ಅವರ ಹೆಂಡತಿಯೂ ದೊಡ್ಡ ಪಾತ್ರೆಯಲ್ಲಿ ಅನ್ನ, ಒಗ್ಗರಣೆಯಿಲ್ಲದ ಸಾರು ಹೊತ್ತುಕೊಂಡು ಬಂದರು. ಗೌಡರು ನನ್ನನ್ನು ಚಡ್ಡಿ ಕಾಲದಿಂದ ಬಲ್ಲವರು. ಡೇರಿಗೆ ಹಾಲು ಹಾಕಿ ಬರುವಾಗ ನಮ್ಮ ಮನೆ ಕಾಫಿ ಕುಡಿಯದೆ ಹೋದವರಲ್ಲ. ಅಂದು ಕಾಫಿ ಬೇಡವೆಂದರು. ಗೋಡೆಗೊರಗಿ ಕೂತು ನಿಟ್ಟುಸಿರು ಬಿಟ್ಟರು. ಅವರ ಹೆಂಡತಿ ಅಮ್ಮನ ಬೆನ್ನು ಸವರುತ್ತಾ ಕಣ್ಣೊರೆಸಿಕೊಂಡರು. ಅಮ್ಮ ಸುಮ್ಮನೆ ಸವರಿಸಿಕೊಂಡಳು. ಹತ್ತು ನಿಮಿಷ ಕಳೆದ ಮೇಲೆ ಇಬ್ಬರೂ ಎದ್ದು, ಒಂದು ಮಾತೂ ಆಡದೆ ಹೊರಟರು.

ಆಗ ನನಗೆ ಹೊಳೆಯಿತು. ಹೋಗಿ ಬರ್ತೀನಿ ಅನ್ನದೆ ಎದ್ದುಹೋಗುವುದು ನಮ್ಮ ಸೀಮೆಯಲ್ಲಿ ಸಾವಾದ ಮನೆಯಿಂದ ಮಾತ್ರ. ವರ್ಷದ ಹಬ್ಬ ಬಿಡುವುದೂ ಸಾವಾದ ಮನೆಯವರೇ.

ಬೀದಿಗೆ ಓಡಿದೆ. "ಗೌಡ್ರೆ, ನಮ್ಮನೇಲಿ ಯಾರೂ ಸತ್ತಿಲ್ಲ."

ಗೌಡರು ನಿಂತರು. "ಯಾರೂ ಸತ್ತಿಲ್ವಾ? ನಿಮ್ಮವ್ವ ಈ ಸಾರಿ ಅಬ್ಬ ಇಲ್ಲ ಅಂದ್ರು. ಅರಕೆರೇಲಿರೋ ನಿಮ್ ಸೋದರಮಾವ ಓಗ್ಬುಟ್ರು ಅನ್ಕಂಡೊ."

"ಮಾವ ಚೆನ್ನಾಗವ್ರೆ."

"ಮತ್ಯಾಕ್ಲಾ ನಕ್ಸತ್ರ ಕಟ್ಟಿಲ್ಲ?"

ನಾನು ಆಡಂಬರ, ಹೃದಯ, ಮೌನ ಎಲ್ಲವನ್ನೂ ಗಂಭೀರವಾಗಿ ವಿವರಿಸಿದೆ. ಗೌಡರು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿದರು.

"ನಾಳೆ ನಿಮ್ ದ್ಯಾವ್ರು ಉಟ್ಟಿದ್ ದಿನ ಅಲ್ವೇನ್ಲಾ?"

"ಹೌದು."

"ಮಗ ಉಟ್ಟಿದ್ ಮನೇನ ನೋಡ್ದೋರು ಸಾವಿನ್ ಮನೆ ಅನ್ಕಳಂಗೆ ಮಾಡಿಟ್ಟಿದ್ದೀಯಲ್ಲ. ನಿನ್ ಎದೆ ಒಳ್ಗೆ ಅಬ್ಬ ಆದ್ರೆ ನಮ್ಗೆ ಎಂಗ್ಲಾ ಗೊತ್ತಾಗ್ಬೇಕು?"

ಧ್ಯಾನಕೂಟದ ಮೂರು ದಿನದಲ್ಲಿ ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ನನಗೆ ತುಂಬಾ ನಾಚಿಕೆಯಾಯಿತು. ದೇವದೂತರು ಯೇಸು ಹುಟ್ಟಿದ ಸುದ್ದಿಯನ್ನು ಕುರುಬರ ಕಿವಿಯಲ್ಲಿ ಪಿಸುಗುಟ್ಟಲಿಲ್ಲ, ಬಯಲಲ್ಲಿ ಹಾಡಿದರು. ನಾನೋ, ಟ್ರಾಕ್ಟರಿನ ಹಾಡನ್ನೂ ನಿಲ್ಲಿಸಿ ಕೂತಿದ್ದೆ.

ನಿಜ ಯಾಕೆ ಹೇಳಲಿಲ್ಲ ಎಂದು ಅಮ್ಮನನ್ನು ಕೇಳಿದೆ.

"ಅಬ್ಬ ಐತಾ ಅಂದ್ರು, ಇಲ್ಲ ಅಂದೆ. ಅದ್ರ ಮ್ಯಾಕೆ ಮಾತಾಡಾಕೆ ನೀನೇ ಮೌನ ಅಂದಿದ್ಯಲ್ಲ," ಅಂದಳು.

ಅಟ್ಟ ಹತ್ತಿದೆ. ಭಾಯಿ ಈ ಸಲ ಏಣಿ ಸಮೇತ ಬಂದು, ಬೈದುಕೊಂಡೇ ವೈರು ಎಳೆದರು. ಗೋದಲಿಗೆ ಹುಲ್ಲು ಗೌಡರ ಮನೆಯಿಂದ ಬಂತು. ಕಜ್ಜಾಯದ ಹಿಟ್ಟು ಹದಕ್ಕೆ ಬರಲು ಹೊತ್ತಿರಲಿಲ್ಲ. ದುಃಖಕ್ಕೆಂದು ಬಂದಿದ್ದ ಅನ್ನಕ್ಕೆ ಅಮ್ಮ ಧಾರಾಳವಾಗಿ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದಳು. ಸಂಜೆ ಬೀದಿಯವರೆಲ್ಲ ಬಂದು ಅದನ್ನೇ ತಿಂದರು. ನನ್ನ ಮಾವ ಬದುಕಿರುವುದಕ್ಕೆ ಪ್ರತಿಯೊಬ್ಬರೂ ನನಗೆ ಶುಭಾಶಯ ಹೇಳಿದರು. ಹಸು ಈ ವರ್ಷವೂ ಬಡಕಲು ಎಂದರು ಗೌಡರು. ಅಮ್ಮ ಸುಸ್ತಾಗಿ, ಕಣ್ಣು ತುಂಬಿಕೊಂಡು ನಗುತ್ತಿದ್ದಳು. ಮೂರು ದಿನದ ಗಂಜಿಯಲ್ಲಿ ಹುಡುಕಿದ್ದು ನನಗೆ ಅಲ್ಲಿ ಸಿಕ್ಕಿತು.

ಕೈತೊಳೆದು ಬಾಗಿಲವರೆಗೂ ಹೋಗಿದ್ದ ಗೌಡರು ಏನೋ ಮರೆತವರಂತೆ ತಿರುಗಿ ಬಂದರು. ಅಮ್ಮನ ಮುಂದೆ ನಿಂತು, ಬೀದಿಗೆಲ್ಲ ಕೇಳುವಂತೆ, "ಓಗ್ಬುಟ್ಟು ಬತ್ತೀನಿ ಕಣಕ್ಕ," ಅಂದರು.

"ಬನ್ನಿ ಗೌಡ್ರೆ," ಅಂದಳು ಅಮ್ಮ.