ನಮ್ಮ ಕಡೆ ಬರುತ್ತಿದ್ದ ನೀಲಿ ಅನಿಲ

ಕಥೆ ಹೇಳುವುದನ್ನು ನಾನು ಕಲಿತದ್ದು ಮಾದನಹಿಪ್ಪರಗಾದ ದೊಡ್ಡವ್ವನಿಂದ. ಹಾಗಾಗಿ ನನ್ನ ಖಗೋಳ ಸಂಶೋಧನೆಯ ಕೆಲಸದ ಸುದ್ದಿಯನ್ನೂ ಅವಳಿಗೆ ಕಥೆ ಮಾಡಿಯೇ ಹೇಳುತ್ತೇನೆ. ಕೆಲವು ಗೆಲಾಕ್ಸಿಗಳ ನಡುವೆ ಮಹಾಭಾರದ ಕಪ್ಪುಕುಳಿ ಇರುತ್ತದೆ, ಅನಿಲ ಅದರ ಸುತ್ತ ತಿರುಗುತ್ತ ಒಳಗೆ ಬೀಳುತ್ತದೆ, ಬೀಳುವಾಗ ಕಾಯ್ದು ಬೆಳಗುವ ಆ ಬೆಳಕೇ ಒಂದಿಷ್ಟು ಅನಿಲವನ್ನು ಹೊರಗೆ ನೂಕುತ್ತದೆ. ಹಾಗೆ ಹೊರಬರುವ ಅನಿಲ ಒಂದು ಗೆಲಾಕ್ಸಿಯಲ್ಲಿ ನಮ್ಮ ತಂಡಕ್ಕೂ ಸಿಕ್ಕಿದೆ ಎಂದು ಈ ಬೇಸಿಗೆಯಲ್ಲಿ ಹೆಮ್ಮೆಯಿಂದ ಹೇಳಿದ್ದೆ.

ರೊಟ್ಟಿ ಬಡಿಯುತ್ತಿದ್ದವಳ ಕೈ ನಿಂತಿತು.

"ಅಂಥಾ ಬಾಯಿಗೆ ಹೊಂಟಿದ್ದೂ ತಿರುಗಿ ಬರ್ತದೇನಲೇ?"

"ಬರ್ತದ ಬೇ."

"ಹಂಗಾರ ನಾನೂ ಅಂದೋಲಾಕ್ಕ ಹೋಗ್ತೇನಿ."

ಅಂದೋಲಾ ಅವಳ ತಂಗಿಯ, ಅಂದರೆ ನಮ್ಮ ಸಣ್ಣವ್ವನ ಊರು. ಒಂದು ಮದುವೆಯಲ್ಲಿ ತಂಗಿ ಆಹೇರಿ ಎಂದು ಉಡುಗೊರೆ ಕೊಟ್ಟ ಸೀರೆಯನ್ನು ದೊಡ್ಡವ್ವ, "ಇದು ಹಿಂದಕ ನಾನೇ ನಿನಗ ಉಡಿಸಿದ್ದು" ಎಂದು ಎಲ್ಲರೆದುರಿಗೆ ಅವಳ ಮಡಿಲಿಗೆ ಒಗೆದಿದ್ದಳು. ಅಂದಿನಿಂದ ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿದಿರಲಿಲ್ಲ.

ಅವಳನ್ನು ಕರೆದುಕೊಂಡು ಅಂದೋಲಾಕ್ಕೆ ಹೊರಡುವ ಮುಂಚೆ ನಮ್ಮ ತಂಡದ ತಪ್ಪು ಸಿಕ್ಕಿತು. ನಮ್ಮ ಕಡೆಗೆ ಬರುವ ಅನಿಲವನ್ನು ನಕಾಶೆಯಲ್ಲಿ ನೀಲಿಯಾಗಿ ತೋರಿಸುತ್ತೇವೆ. ಅದು ಕುಳಿಯ ಈಚೆಗಿದ್ದರೆ ಕುಳಿಯಿಂದ ಹೊರಟಿದೆ ಎಂದರ್ಥ. ಆಚೆಗಿದ್ದರೆ ಕುಳಿಯತ್ತ ಬೀಳುತ್ತಿದೆ ಎಂದು. ಆ ಗೆಲಾಕ್ಸಿಯ ಯಾವ ಬದಿ ನಮಗೆ ಹತ್ತಿರ ಎಂಬುದನ್ನೇ ನಾವು ಉಲ್ಟಾ ಹಿಡಿದಿದ್ದೆವು. ನೀಲಿ ಇದ್ದದ್ದು ಆಚೆಗೆ. ಅದು ಬೀಳುತ್ತಿತ್ತು.

ಅದರ ಬಗ್ಗೆ ಬರೆದಿದ್ದ ಸಂಶೋಧನಾ ಲೇಖನವನ್ನು ಅಂದೇ ತಿದ್ದಿದೆ. ದೊಡ್ಡವ್ವನಿಗೆ ಎದುರಿಗೇ ಹೇಳಿದರಾಯಿತು ಎಂದುಕೊಂಡೆ. ಆಳಂದ ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಹೋಳಿಗೆಯ ಗಂಟು, ತಂಗಿಗೆಂದು ಹೊಸ ಸೀರೆ ಹಿಡಿದು ನಿಂತಿದ್ದಳು. ಗಂಟು ಇಸಿದುಕೊಂಡು ಅವಳನ್ನು ಬಸ್ಸು ಹತ್ತಿಸಿದೆ. ಜೇವರ್ಗಿಯಲ್ಲಿ ಬಸ್ಸು ಬದಲಿಸುವಾಗ "ದೊಡ್ಡವ್ವ, ಆ ಅನಿಲದ ಸುದ್ದಿ..." ಎಂದೆ.

"ಸುಮ್ಮ ಕೂಡಲೇ. ನನ್ನ ಎದಿ ಹೊಡ್ಕೊಳಾಕತ್ತದ."

ಅಂದೋಲಾದ ಬಸ್ಸು ಬಂತು, ಹತ್ತಿದೆವು.

ಸಣ್ಣವ್ವ ಬಾಗಿಲಿಗೆ ಅಡ್ಡ ನಿಂತಳು. "ಬರ್ರಿ, ದೊಡ್ಡೋರು. ದಾರಿ ತಪ್ಪಿ ಬಂದ್ರೇನ್ರಿ?" ಒಡಹುಟ್ಟಿದ ಅಕ್ಕನಿಗೆ ಅಷ್ಟೊಂದು 'ರಿ'! ದೊಡ್ಡವ್ವ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು ನನ್ನ ರಟ್ಟೆ ಹಿಡಿದು ಮುಂದೆ ಎಳೆದಳು. "ಇವನ್ನ ಕೇಳ. ಕಪ್ಪುಕುಳಿಗಿ ಹೊಂಟಿದ್ದೂ ತಿರುಗಿ ಬರ್ತದಂತ. ನಾ ಬರಬಾರ್ದೇನ?"

"ಖರೇನೇನೋ?" ಸಣ್ಣವ್ವ ನನ್ನನ್ನೇ ನೋಡಿದಳು.

ಫೋನಿನಲ್ಲಿ ನಕಾಶೆ ತೆಗೆದೆ. ಅವಳ ಬೆರಳು ನೀಲಿಯ ಮೇಲೆ ಬಂತು. "ಇದೇನು?"

"ನಮ್ಮ ಕಡಿಗಿ ಬರಾಕತ್ತದ, ಸಣ್ಣವ್ವ."

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದೇ ನನ್ನನ್ನು ಚುಚ್ಚುವುದು. ನಿಜವಾಗಿ ಅನಿಲವನ್ನು ಹೊರನೂಕುವ ಬೇರೆ ಗೆಲಾಕ್ಸಿಗಳು ಬೇಕಾದಷ್ಟಿದ್ದವು. ಅವುಗಳ ಕಥೆ ಹೇಳಬಹುದಿತ್ತು. ಅವಳು ಬೆರಳಿಟ್ಟದ್ದು ಮಾತ್ರ ಬೀಳುತ್ತಿದ್ದುದರ ಮೇಲೆ.

ಸಣ್ಣವ್ವ ಪಕ್ಕಕ್ಕೆ ಸರಿದಳು. "ಬಾ ಯಕ್ಕಾ. ಕಾಲಿಗಿ ನೀರು ತಗೋ."

ಈಗ ಇಬ್ಬರೂ ದಿನಾ ಫೋನಿನಲ್ಲಿ ಮಾತಾಡುತ್ತಾರೆ. ಸಣ್ಣವ್ವ ಆಗಾಗ ನನಗೂ ಫೋನ್ ಮಾಡುತ್ತಾಳೆ. ಊಟ, ಆರೋಗ್ಯ ಕೇಳಿ, ಕೊನೆಗೆ ನಗುತ್ತ, "ನಿನ್ನ ನೀಲಿ ಎಲ್ಲೀತನಕ ಬಂತೋ?" ಎನ್ನುತ್ತಾಳೆ.

"ಬರಾಕತ್ತದ" ಎನ್ನುತ್ತೇನೆ.